ಎದುರಿಗೇ ನಿಂತವರು ನಾಪತ್ತೆಯಂತೆ

ಗೆಳೆಯರೇ, ಇಂದು ಬೆಳಿಗ್ಗೆ ಹನ್ನೊಂದಕ್ಕೆ ಕೊಯಮತ್ತೂರಿನ ಆಸ್ಪತ್ರೆಯೊಂದರ ಹೃದ್ರೋಗ ಸಂಶೋಧನಾ ವಿಭಾಗ ನನ್ನ ಚಿಕ್ಕಪ್ಪನನ್ನು ನಾಪತ್ತೆ ಎಂದು ಘೋಷಿಸಿತು. ಆ ಹೊತ್ತಿಗೆ ಅವರು ಅದೇ ವಿಭಾಗದ ಕೌಂಟರಿನಲ್ಲಿ, ಹೊಸ ಔಷಧದ ಪ್ರಯೋಗದವರು ಪ್ರತಿ ತಿಂಗಳು ಕೊಡುವ ಮಾತ್ರೆಗಾಗಿ ಕೈಚಾಚಿ ನಿಂತಿದ್ದರು.

"ಮೂರು ಸಲ ಫೋನ್ ಮಾಡಿದೆವು, ನೀವು ಎತ್ತಲಿಲ್ಲ. ಫೈಲ್ ಮುಚ್ಚಿಯಾಯಿತು," ಎಂದರು ಕೌಂಟರಿನ ಮೇಡಂ, ತಮಿಳಿನಲ್ಲಿ.

ಚಿಕ್ಕಪ್ಪನಿಗೆ ಸೋಮನೂರಿನಲ್ಲಿ ಎಂಟು ಪವರ್‌ಲೂಮ್, ಅಲ್ಲಿಯವರ ಮಾತಿನಲ್ಲಿ ತರಿ. "ಹಗಲೆಲ್ಲ ತರಿ ಓಡುತ್ತೆ ಅಮ್ಮಣಿ, ಪಕ್ಕದಲ್ಲಿ ನಿಂತು ಕೂಗಿದರೂ ಕೇಳಲ್ಲ. ಕರೆಂಟ್ ಹೋದಾಗ ಫೋನ್ ಮಾಡಿ."

"ನಮ್ಮ ನಿಯಮದಲ್ಲಿ ಕರೆಂಟಿನ ವಿಷಯ ಇಲ್ಲ ಅಯ್ಯಾ."

ಚಿಕ್ಕಪ್ಪ ನನ್ನ ಕಡೆ ತಿರುಗಿ ಮನೆಯ ಕನ್ನಡದಲ್ಲಿ ಕೇಳಿದರು: "ಲೋ, ನಾನು ಇದೀನೋ ಇಲ್ವೋ, ವಸಿ ಮುಟ್ಟಿ ನೋಡಿ ಹೇಳು."

ಮಾತ್ರೆಯ ಹೆಸರು ಹೇಳಿದರೆ ಹೊರಗೆ ಕೊಳ್ಳುತ್ತೇವೆ ಎಂದೆ.

"ಪ್ರಯೋಗದಲ್ಲಿ ಕೆಲವರಿಗೆ ಔಷಧ, ಕೆಲವರಿಗೆ ಬರೀ ಹಿಟ್ಟು. ಇವರದು ಯಾವುದೋ ನಮಗೂ ಗೊತ್ತಿರುವುದಿಲ್ಲ ಸಾರ್. ಅದೂ ನಿಯಮವೇ."

ಕಳೆದ ವರ್ಷ ಹೃದಯಾಘಾತವಾಗಿ ಚಿಕ್ಕಪ್ಪ ತುರ್ತು ವಿಭಾಗದಲ್ಲಿ ಮಲಗಿದ್ದಾಗ, ಇದೇ ಮೇಡಂ ಅವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲು ಒಂದು ಸಹಿಗಾಗಿ ಮಂಚದ ಪಕ್ಕ ಗಂಟೆಗಟ್ಟಲೆ ನಿಂತಿದ್ದರು. "ಇನ್ನು ನಿಮ್ಮ ಹೃದಯ ನಮ್ಮ ಜವಾಬ್ದಾರಿ," ಎಂದಿದ್ದರು. ಅವರು ಮರೆತಿರಬಹುದು, ನಾನು ಮರೆತಿಲ್ಲ.

ಸಂಶೋಧಕರೇ, ನಿಮ್ಮ ವರದಿಯಲ್ಲಿ ಈ ಮನುಷ್ಯ ಬದುಕಿದವರ ಸಾಲಿನಲ್ಲೋ, ಸತ್ತವರ ಸಾಲಿನಲ್ಲೋ? ಅದಿರಲಿ, ನಾಳೆ ಬೆಳಿಗ್ಗೆ ಅವರು ಏನು ನುಂಗಬೇಕು? ಸಂಶೋಧನೆಯ ಮುಖ್ಯ ವೈದ್ಯರು ಇಂದೇ, ಎಲ್ಲರೂ ಓದುವಂತೆ ಉತ್ತರ ಬರೆಯಲಿ.