ಬಿಲ್ಲು ಕೆಡಿಸಿದವನು

"ನಿನ್ನ ತಮ್ಮನಿಗಿರೋದು ಕೈಯೋ ಕೊಡಲಿಯೋ?" ಅಂತ ನಮ್ಮ ಯಜಮಾನರು ಊಟದ ತಟ್ಟೆ ಪಕ್ಕ ಫೋನ್ ಕುಕ್ಕಿದರು. "ನೋಡಿಲ್ಲಿ! ಬಾಣ ಬಿಟ್ರೆ ಅರ್ಧ ದಾರೀಲೇ ಮೂರ್ಛೆ ಬೀಳುತ್ತೆ. ಬಿಲ್ಲಲ್ಲ ಇದು, ಪೊರಕೆ ಕಡ್ಡಿ."

ನಮ್ಮವರು ಲಿಫ್ಟ್ ರಿಪೇರಿಯವರು. ಹಗಲೆಲ್ಲ ಗ್ರೀಸು ಮೆತ್ತಿಕೊಂಡು ಒದ್ದಾಡಿ ಬಂದು, ಸಂಜೆ ಸೋಫಾದ ಮೇಲೆ ಕಾಲು ಚಾಚಿ, ಗುರುತು ಪರಿಚಯವಿಲ್ಲದ ಜನರ ಜತೆ ಸೇರಿ ಫೋನಿನಲ್ಲಿ ಕೋಟೆ ಕಾಯುತ್ತಾರೆ. ಆ ಕೋಟೆ ಆಟ ತಯಾರಿಸುವ ಕಂಪನಿಯಲ್ಲೇ ನನ್ನ ತಮ್ಮ ಕೆಲಸಕ್ಕಿದ್ದದ್ದು. ಕತ್ತಿಗೆ ಇಷ್ಟು ಬಲ, ಈಟಿಗೆ ಇಷ್ಟು, ಬಿಲ್ಲಿಗೆ ಇಷ್ಟು ಅಂತ ತೂಗಿ ಇಡುವುದೇ ಅವನ ಕೆಲಸ. ಆಫೀಸಿನಲ್ಲಿ ಅವನನ್ನು ತಕ್ಕಡಿ ಅಂತ ಕರೆಯುತ್ತಿದ್ದರು. ಆಡುವವರು ಕರೆಯುತ್ತಿದ್ದ ಹೆಸರುಗಳನ್ನು ನಾನು ಹೇಳಲ್ಲ, ಆಮೇಲೆ ಬಾಯಿ ತೊಳೆದುಕೊಳ್ಳಬೇಕಾಗುತ್ತೆ.

ತಮ್ಮ ನಮ್ಮ ಮನೆಯ ಮೇಲಿನ ಕೋಣೆಯಲ್ಲಿರುತ್ತಾನೆ, ಊಟ ನಮ್ಮ ಜತೆ. ಅವತ್ತೂ ಎದುರಿಗೇ ಕೂತಿದ್ದ.

"ಭಾವ, ಬಿಲ್ಲಿನ ಬಲ ಜಾಸ್ತಿಯಾಯ್ತು ಅಂತ ತುಂಬಾ ಜನ ದೂರಿದ್ರು. ಅದಕ್ಕೇ ಸ್ವಲ್ಪ ಇಳಿಸಿದ್ವಿ" ಅಂದ.

"ಯಾರು ದೂರಿದ್ದು? ಕತ್ತಿ ಬೀಸ್ಕೊಂಡು ಓಡಾಡೋ ದಂಡಪಿಂಡಗಳು ತಾನೆ?"

"ರೀ, ಊಟ ಮಾಡೋವಾಗ ಬೇಡ" ಅಂದೆ.

"ಊಟ ಎಲ್ಲಿಂದ ಇಳಿಯುತ್ತೆ? ಇವನೇ ಗಂಟಲಲ್ಲಿ ಸಿಕ್ಕಿಕೊಂಡಿದಾನೆ" ಅಂದು ತಟ್ಟೆ ಎತ್ತಿಕೊಂಡು ಸೋಫಾಕ್ಕೆ ಹೋದರು. ನಾಚಿಕೆ ಇಲ್ಲದ ಜನ್ಮ.

ದೂರು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಂದು ಇಸ್ತ್ರಿ ಅಂಗಡಿ, ಅಪ್ಪನ ಕಾಲದ್ದು. ಮುಂದೆ ಕೌಂಟರು, ಹಿಂದೆ ಒಂದು ಪರದೆ, ಪರದೆ ಆಚೆ ಸುಟ್ಟ ಕಂಬಳಿ ಹಾಸಿದ ಮೇಜು. ಯಾರಾದರೂ ಬಂದು "ಕಾಲರ್ ಸರಿಯಾಗಿಲ್ಲ" ಅಂದರೆ ನಾನು ವಾದಕ್ಕಿಳಿಯಲ್ಲ. "ಅಯ್ಯೋ ಹೌದಲ್ಲ ಸಾರ್, ಒಂದೇ ನಿಮಿಷ" ಅಂದು ಅಂಗಿ ತಗೊಂಡು ಪರದೆ ಹಿಂದೆ ಹೋಗುತ್ತೇನೆ. ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಟ್ಟುತ್ತೇನೆ, ನೀರಿನ ಬಾಟಲಿಯನ್ನು ಗಾಳಿಗೆ ಪುಸ್ ಪುಸ್ ಅನ್ನಿಸುತ್ತೇನೆ, ಲೋಟದಲ್ಲಿ ಉಳಿದ ಚಹಾ ಮುಗಿಸುತ್ತೇನೆ, ಅದೇ ಅಂಗಿಯನ್ನು ಅದೇ ಮಡಿಕೆಯಲ್ಲಿ ತಂದು ಮುಂದಿಡುತ್ತೇನೆ. "ಹಾಂ, ಈಗ ನೋಡಮ್ಮ, ಎಷ್ಟು ವ್ಯತ್ಯಾಸ!" ಅಂತಾರೆ. ನಿಜವಾಗಿ ಸುಕ್ಕಿದ್ದರೆ ತೆಗೆದೇ ತೆಗೆಯುತ್ತೇನೆ, ಆ ಮಾತು ಬೇರೆ. ಆದರೆ ಅರ್ಧ ಜನಕ್ಕೆ ಸುಕ್ಕಿರುವುದು ಅಂಗಿಯಲ್ಲಲ್ಲ, ಹಣೆ ಮೇಲೆ.

ಇದು ಅಪ್ಪ ಕಲಿಸಿದ ವಿದ್ಯೆ. ತಮ್ಮನಿಗೆ ಮಾತ್ರ ಹತ್ತಲಿಲ್ಲ. ಸಣ್ಣವನಿದ್ದಾಗ ಒಂದು ಸಲ, ಅಪ್ಪ ಒಳಗೆ ಪುಸ್ ಪುಸ್ ಅನ್ನಿಸುತ್ತಿದ್ದರೆ ಇವನು ಹೊರಗೆ ನಿಂತು ಗಿರಾಕಿಗೆ "ಅಪ್ಪ ಏನೂ ಮಾಡ್ತಿಲ್ಲ, ಸುಮ್ನೆ ನಿಂತಿದಾರೆ" ಅಂದುಬಿಟ್ಟಿದ್ದ. ಅಪ್ಪ ಅವನ ಬೆನ್ನಿಗೇ ಇಸ್ತ್ರಿ ಹಾಕಿದರು ಅನ್ನಿ. ಅಳುತ್ತಾ ಕೂಡ "ಸುಳ್ಳಲ್ವಾ ಅದು?" ಅಂತಲೇ ಕೇಳುತ್ತಿದ್ದ. ಅಂಥ ಮೊಂಡ.

ಕಂಪನಿಯಲ್ಲೂ ಅದೇ ಬುದ್ಧಿ. ಆಡುವವರು ಬರೆಯುವ ಫೋರಂ ಅಂತ ಒಂದಿದೆ. ಅಲ್ಲಿ ಬಂದದ್ದನ್ನೆಲ್ಲ ಓದಿ ಇವನೇ ಉತ್ತರ ಕೊಡುತ್ತಿದ್ದ. ರಜೆ ದಿನ ನನ್ನ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುತ್ತಿದ್ದ. ಒಮ್ಮೆ ಬಗ್ಗಿ ನೋಡಿದೆ. "ನಿನ್ನ ಬೆರಳು ಕೊಳೆತು ಹೋಗ." "ಇವನನ್ನ ಹೆತ್ತವಳಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ವಾ?" ಇವನು ಕೆಳಗೆ ಬರೆಯುತ್ತಿದ್ದಾನೆ: "ನಿಮ್ಮ ಬೇಸರ ಅರ್ಥವಾಗುತ್ತದೆ. ಯಾವ ಹಂತದಲ್ಲಿ ತೊಂದರೆಯಾಯಿತು, ದಯವಿಟ್ಟು ತಿಳಿಸಿ." ನನಗೆ ಪಿತ್ತ ನೆತ್ತಿಗೇರಿತು.

"ನಮ್ಮಮ್ಮನ್ನ ಅಂದವನಿಗೆ ದಯವಿಟ್ಟಂತೆ, ದಯವಿಟ್ಟು! ಕೊಡಿಲ್ಲಿ, ನಾನು ಬರೀತೀನಿ."

"ಬೇಡಕ್ಕ. ಬೈಗುಳ ಬಿಟ್ಟು ಓದಿದ್ರೆ ಒಳಗೊಂದು ಮಾತಿರುತ್ತೆ."

"ಮಾತೂ ಇಲ್ಲ ಮಣ್ಣೂ ಇಲ್ಲ. ಗಂಟಲು ಕೆರೆತ ಅಷ್ಟೆ."

ಬಿಲ್ಲಿನ ವಿಷಯದಲ್ಲಿ ಆದದ್ದು ಹೀಗೆ. ಕತ್ತಿಯವರು ವರ್ಷಗಟ್ಟಲೆ ಬೊಬ್ಬೆ ಹೊಡೆದರು, ಬಿಲ್ಲಿನವರು ದೂರ ನಿಂತು ನಮ್ಮನ್ನು ಇಲಿ ಹೊಡೆದ ಹಾಗೆ ಹೊಡೆಯುತ್ತಾರೆ ಅಂತ. ಕೊನೆಗೆ ಬಲ ಇಳಿಸುವುದು ಅಂತಾಯಿತು. ಹೊಸ ಅಂಕಿಯನ್ನು ಮೊದಲು ಆಫೀಸಿನೊಳಗಿನ ಪರೀಕ್ಷೆ ಪ್ರತಿಯಲ್ಲಿ ಹಾಕಿ ನೋಡುತ್ತಾರೆ, ಆಮೇಲೆ ಜನ ಆಡುವ ಆಟಕ್ಕೆ ಸೇರಿಸುತ್ತಾರೆ. ಸೇರಿಸಿದ ದಿನ "ಬಿಲ್ಲಿನ ಬಲ ಇಳಿಸಿದ್ದೇವೆ" ಅಂತ ಪ್ರಕಟಣೆ. ಪ್ರಕಟಣೆ ಬಿದ್ದದ್ದೇ ತಡ, ಬಿಲ್ಲಿನವರು ನನ್ನ ತಮ್ಮನನ್ನು ಉಗಿದು ಉಪ್ಪಿನಕಾಯಿ ಹಾಕಿದರು. ಆಟ ಹಳ್ಳ ಹಿಡಿಯಿತು, ಬಾಣ ನೆಲಕ್ಕೆ ಬೀಳುತ್ತೆ, ಇದನ್ನು ಮಾಡಿದವನನ್ನು ಮೊದಲು ಒದ್ದು ಓಡಿಸಿ. ಅವನ ಫೋಟೊ ಹುಡುಕಿ ಹಣೆ ಮೇಲೆ ಬಾಣ ಚುಚ್ಚಿ ಹಾಕಿದ್ದರು. ನಮ್ಮ ಯಜಮಾನರು ಅದನ್ನು ನೋಡಿ ಕಿಸಕ್ಕನೆ ನಕ್ಕರು. ಆ ರಾತ್ರಿ ಅವರ ಪಾಲಿನ ಅನ್ನವನ್ನು ನಾನೇ ತಿಂದು ಮುಗಿಸಿದೆ.

ಒಂದು ವಾರ ಹೀಗೇ ಹೋಯಿತು. ಒಂದು ಮಧ್ಯಾಹ್ನ ತಮ್ಮ ಆಫೀಸಿನಿಂದ ನೇರ ಅಂಗಡಿಗೆ ಬಂದು ಪರದೆ ಹಿಂದೆ ಸ್ಟೂಲಿನ ಮೇಲೆ ಕುಸಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ, ನಾನು ಅದನ್ನ ಸೇರಿಸೇ ಇಲ್ಲ."

"ಏನನ್ನ?"

"ಬಿಲ್ಲಿನ ಹೊಸ ಅಂಕೀನ. ಪರೀಕ್ಷೆ ಪ್ರತೀಲೇ ಉಳಿದುಬಿಟ್ಟಿದೆ, ನಾನು ಮರೆತಿದೀನಿ. ಪ್ರಕಟಣೆ ಮಾತ್ರ ಹೋಗಿದೆ. ಜನ ಆಡ್ತಿರೋದು ಹಳೇ ಬಿಲ್ಲೇ. ಒಂದು ಕೂದಲಿನಷ್ಟೂ ಬದಲಾಗಿಲ್ಲ."

ನಾನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಗಲು ಶುರು ಮಾಡಿದೆ. ಮೂರ್ಛೆ ಬಿದ್ದ ಬಾಣಗಳು, ಪೊರಕೆ ಕಡ್ಡಿ, ನಮ್ಮ ಯಜಮಾನರ ಗೋಳು, ಎಲ್ಲ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

ಅವರ ಮ್ಯಾನೇಜರಮ್ಮ ಅವನಿಗೆ ದಾರಿ ತೋರಿಸಿದ್ದಳು. ನಾಳೆ ಬೆಳಗ್ಗೆ ಅವನ ಹೆಸರಿನಲ್ಲೇ ಇನ್ನೊಂದು ಪ್ರಕಟಣೆ ಹಾಕಬೇಕು: "ನಿಮ್ಮ ದೂರು ಕೇಳಿದ್ದೇವೆ, ಬಿಲ್ಲಿನ ಬಲ ಮರಳಿ ಕೊಟ್ಟಿದ್ದೇವೆ." ಏನನ್ನೂ ಮುಟ್ಟುವುದು ಬೇಡ. ಹಾಕಿದರೆ ಕೆಲಸ ಉಳಿಯುತ್ತೆ. ನಿಜ ಬಾಯಿಬಿಟ್ಟರೆ ಮನೆಗೆ ಹೋಗಬಹುದು.

"ಹಾಕು ಮತ್ತೆ! ಇದೇನು ಹೊಸದಾ? ಅಂಗಿ ಒಳಗೆ ತಗೊಂಡು ಹೋಗಿ ಹೊರಗೆ ತಂದಂಗೆ."

"ಅದೇ ಅಕ್ಕ. ಅದೇ ಆಗಲ್ಲ ಅಂತಿರೋದು. ಇಷ್ಟು ವರ್ಷ ಅವರು ಬರೆದಿದ್ದನ್ನೆಲ್ಲ ನಂಬಿ ಓದಿದೀನಿ. ಈಗ ಪುಸ್ ಪುಸ್ ಅನ್ನಿಸಿ ಕಳಿಸ್ಲಾ?"

"ನಿನ್ನ ಬೆರಳು ಕೊಳೀಲಿ ಅಂದವರಿಗೆ ನಿಜ ಬೇರೆ ಕೇಡು! ಕೆಲಸ ಹೋದ್ರೆ ಅವರೇನು ಬಂದು ಅನ್ನ ಹಾಕ್ತಾರಾ? ಹರಿಶ್ಚಂದ್ರನ ವಂಶದವನು ನೋಡು!" ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎದ್ದು ಹೋದ.

ಮರುದಿನ ಬೆಳಗ್ಗೆ ಅವನೇ ಬರೆದು ಹಾಕಿದ. ಬದಲಾವಣೆ ಆಟಕ್ಕೆ ಸೇರಿರಲೇ ಇಲ್ಲ, ಮರೆತದ್ದು ನಾನು, ಬಿಲ್ಲು ಮೊದಲು ಹೇಗಿತ್ತೋ ಹಾಗೇ ಇದೆ, ಕ್ಷಮಿಸಿ. ಇಷ್ಟೇ. ಇದನ್ನು ಓದಿ ಒಬ್ಬನಾದರೂ ಮುಖ ಹುಳ್ಳಗೆ ಮಾಡಿಕೊಂಡು ಸುಮ್ಮನಾಗುತ್ತಾನೆ ಅಂದುಕೊಂಡಿದ್ದೆ. ಎಲ್ಲಿ? "ಹಾಗಾದ್ರೆ ನಾವೆಲ್ಲ ಹುಚ್ಚರಾ?" "ಯಾರ ಕಿವಿ ಮೇಲೆ ಹೂ ಇಡ್ತೀಯ?" "ನಾನು ಅಳೆದು ನೋಡಿದೀನಿ, ವಿಡಿಯೊ ಇದೆ." ಇತ್ತ ಕತ್ತಿಯವರು, ಹಾಗಾದರೆ ನಮಗೆ ಮಾತು ಕೊಟ್ಟು ಮೋಸ ಮಾಡಿದೆಯಾ ಅಂತ ಹರಿಹಾಯ್ದರು. ವರ್ಷಗಟ್ಟಲೆ ಕಚ್ಚಾಡಿದವರು ನನ್ನ ತಮ್ಮನನ್ನು ತುಳಿಯುವುದರಲ್ಲಿ ಒಂದಾದರು.

ಮನೆಯಲ್ಲೂ ಅಷ್ಟೇ. "ಭಾವ, ನಾನು ನಿಜವಾಗ್ಲೂ ಮುಟ್ಟಿಲ್ಲ" ಅಂದ.

"ನನ್ನ ಕೈಗೆ ಗೊತ್ತಾಗಲ್ವೇನೋ? ಮಾಡಿದ್ದನ್ನ ಮಾಡಿದೆ ಅನ್ನು, ತಿಪ್ಪೆ ಸಾರಿಸಬೇಡ" ಅಂದರು ಆ ಮಹಾನುಭಾವ.

ಕಂಪನಿಯವರು ಅವನನ್ನು ತೆಗೆದರು. ಅವನು ಬರೆದದ್ದನ್ನೂ ಅಳಿಸಿಹಾಕಿ ಹೊಸ ಪ್ರಕಟಣೆ ಕೊಟ್ಟರು: ಬಿಲ್ಲಿನ ಬಲ ಮರಳಿ ಕೊಟ್ಟಿದ್ದೇವೆ, ತಪ್ಪು ಮಾಡಿದವರು ಈಗ ನಮ್ಮಲ್ಲಿಲ್ಲ. ಆ ಅಂಕಿಯನ್ನು ಆಗಲೂ ಯಾರೂ ಮುಟ್ಟಲಿಲ್ಲವಂತೆ. ತಮ್ಮನ ಪಕ್ಕದ ಕುರ್ಚಿಯವನು ಫೋನ್ ಮಾಡಿ ಹೇಳಿದ. ಸಂಜೆ ನಮ್ಮ ಯಜಮಾನರು ಸೋಫಾದಲ್ಲಿ ಕುಣಿದಾಡಿದರು. "ನೋಡೇ, ಈಗ ನೋಡು ಬಾಣ ಹೆಂಗೆ ಹೋಗುತ್ತೆ! ಇದಪ್ಪ ಬಿಲ್ಲು ಅಂದ್ರೆ!" ಮಹಡಿ ಮೆಟ್ಟಿಲ ಮೇಲೆ ನಿಂತು ತಮ್ಮ ಕೇಳಿಸಿಕೊಳ್ಳುತ್ತಿದ್ದ. ನಾನು ಹೋಗಿ ವೈಫೈ ಡಬ್ಬಿಯ ವೈರು ಕಿತ್ತು ಕಿಟಕಿಯಿಂದಾಚೆ ಎಸೆದೆ. ಮೂರು ದಿನ ಗಂಡ ಹೆಂಡತಿಗೆ ಮಾತಿಲ್ಲ.

ಬೇರೆ ಕಂಪನಿಯವರೂ ಕರೆಯಲಿಲ್ಲ. ಹೆಸರು ಕೇಳಿದ ಕೂಡಲೇ "ಓ, ಆ ಬಿಲ್ಲಿನವರಾ?" ಅನ್ನುತ್ತಿದ್ದರಂತೆ. ಮನೆಯಲ್ಲಿ ಕೂತು ಕೂತು ತುಕ್ಕು ಹಿಡಿಯುವುದು ಬೇಡ ಅಂತ ನಾನೇ ಅಂಗಡಿಗೆ ಎಳೆದುಕೊಂಡು ಬಂದೆ. ಈಗ ಕೌಂಟರಿನಲ್ಲಿ ಅವನೇ ನಿಲ್ಲುತ್ತಾನೆ. ಅಂಗಿ ಮಡಿಸುತ್ತಾನೆ, ಚೀಟಿ ಚುಚ್ಚುತ್ತಾನೆ. ಮಾತು ಕಡಿಮೆ.

ಮೊನ್ನೆ ವಕೀಲರೊಬ್ಬರು ಬಿಳಿ ಅಂಗಿ ಹಿಡಿದುಕೊಂಡು ಕೆಂಡಕಾರುತ್ತಾ ಬಂದರು. "ಇದೇನು ಇಸ್ತ್ರಿನಾ? ತೋಳು ನೋಡ್ರಿ!"

ತಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದ. "ಸುಕ್ಕಿಲ್ಲ ಸಾರ್."

"ಅಂದ್ರೆ ನನಗೆ ಕಣ್ಣಿಲ್ವಾ?"

ಅವನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಮತ್ತೆ ಶುರುವಾಯಿತಲ್ಲಪ್ಪ ಅಂತ ಅಂಗಿ ಕಿತ್ತುಕೊಂಡು ಒಳಗೆ ಹೋದೆ. ನೀರಿನ ಬಾಟಲಿಗೆ ಕೈ ಹಾಕಿದೆ. ಪರದೆಯ ಸಂದಿಯಿಂದ ಅವನ ಬೆನ್ನು ಕಾಣುತ್ತಿತ್ತು. ಅದೇನಾಯಿತೋ, ಬಾಟಲಿ ಗಾಳಿಗೆ ತಿರುಗಲಿಲ್ಲ. ಅಂಗಿ ಬಿಡಿಸಿ ಹಾಸಿದೆ. ಕಾಲರ್, ತೋಳು, ಬೆನ್ನು, ಗುಂಡಿಗಳ ಸಂದು, ನನ್ನ ಮದುವೆ ಬಟ್ಟೆಗೂ ಅಷ್ಟು ಚಂದ ಇಸ್ತ್ರಿ ಮಾಡಿರಲಿಲ್ಲ. ಬಿಸಿಬಿಸಿ ಅಂಗಿ ತಂದು ಮುಂದಿಟ್ಟೆ.

ವಕೀಲರು ಬೆರಳ ತುದಿಯಲ್ಲಿ ಎತ್ತಿ ನೋಡಿದರು. "ಏನಮ್ಮ, ಒಳಗೆ ತಗೊಂಡು ಹೋಗಿ ಹಂಗೇ ತಂದ್ಯಾ? ಯಾರಿಗೆ ಟೋಪಿ ಹಾಕ್ತೀಯ?"

"ಮುಟ್ಟಿ ನೋಡಿ, ಇನ್ನೂ ಸುಡ್ತಿದೆ!"

"ಬಿಸಿಲಿಗೆ ಇಟ್ಟಿರ್ತೀಯ."

ನಾನು ಸೆರಗು ಬಿಗಿದುಕೊಂಡೆ. ಆ ಮನುಷ್ಯನ ಜನ್ಮ ಜಾಲಾಡಲು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಅಡ್ಡ ಬಂದ.

"ಕ್ಷಮಿಸಿ ಸಾರ್. ಅಕ್ಕನಿಗೆ ಗೊತ್ತಾಗಲಿಲ್ಲ. ಒಂದೇ ನಿಮಿಷ" ಅಂದು ಅಂಗಿ ತಗೊಂಡು ಪರದೆ ಹಿಂದೆ ಹೋದ.

ಇಸ್ತ್ರಿಪೆಟ್ಟಿಗೆ ಮೇಜಿಗೆ ಕುಟ್ಟಿದ ಸದ್ದು ಬಂತು. ಪುಸ್ ಪುಸ್ ಅಂತು. ಮತ್ತೆ ಪುಸ್ ಪುಸ್.

ಹೊರಗೆ ತಂದು ಕೊಟ್ಟ. ನಾನು ಮಾಡಿದ್ದ ಮಡಿಕೆ ಒಂದೆಳೆಯೂ ಕದಲಿರಲಿಲ್ಲ.

"ಹಾಂ! ಇದಪ್ಪ ಇಸ್ತ್ರಿ ಅಂದ್ರೆ. ನಿನ್ನ ತಮ್ಮನ್ನ ನೋಡಿ ಕಲಿತುಕೊಳ್ಳಮ್ಮ" ಅಂದು ವಕೀಲರು ಹೊರಟುಹೋದರು.

ನಾನೇ ಹೇಳಿಕೊಟ್ಟ ಬುದ್ಧಿ. ಬೈದು ಬೈದು ಹೇಳಿಕೊಟ್ಟದ್ದು. ಆದರೂ ಸಂಕಟವಾಯಿತು. ಏನಾದರೂ ಅನ್ನಬೇಕು ಅಂತ ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

"ಮುಂದಿನ ಅಂಗಿ ಕೊಡಕ್ಕ" ಅಂದ.