ಲೈನ್‌ಬ್ಯಾಕರ್‌ನ ಅಕ್ಕ

ತಮ್ಮ ಏನು ಹೇಳಿದ ಎಂದು ಟ್ರೈನರ್ ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅವನ ಹೆಲ್ಮೆಟ್ ಕಿತ್ತುಕೊಂಡು ಆಟದಿಂದ ಹೊರಗೆ ಕೂರಿಸುತ್ತಿದ್ದರು. ಅಷ್ಟಾಗಿದ್ದರೆ ಸಾಕಿತ್ತು.

ನಾನು ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಗ ಅವ್ವ ಹಾಸಿಗೆ ಹಿಡಿದಿದ್ದಳು, ತಮ್ಮ ತೊಟ್ಟಿಲಲ್ಲಿದ್ದ. ಶಾಲೆಯಿಂದ ನನಗೆ ದಕ್ಕಿದ್ದು ಕಬಡ್ಡಿ ಒಂದೇ. ಅಡುಗೆ ಕೆಲಸಕ್ಕೆ ಬಂದಿದ್ದ ಅಪ್ಪನ ಹಿಂದೆ ನಾವೂ ಅಮೆರಿಕಕ್ಕೆ ಬಂದೆವು. ಅಪ್ಪ ಈಗಿಲ್ಲ. ನಾನು ಚಾಟ್ಸ್‌ವರ್ತ್‌ನ ಒಂದು ಗೋದಾಮಿನಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುತ್ತೇನೆ. ಗುಣವಾದ ಅವ್ವ ಮತ್ತು ತಮ್ಮ ಅಲ್ಲಿಂದ ಮೂರು ತಾಸು ದೂರದ ಸ್ಯಾನ್ ಡಿಯಾಗೊದಲ್ಲಿದ್ದಾರೆ. ಅಲ್ಲಿನ ಫೋರ್ ಎಸ್ ರ್ಯಾಂಚ್ ಬಡಾವಣೆಯ ಎಂಜಿನಿಯರುಗಳ ಮನೆಗೆ ಅವ್ವ ರೊಟ್ಟಿ, ಪಲ್ಯ ಮಾಡಿ ಕೊಡುತ್ತಾಳೆ.

ತಮ್ಮ ಹೈಸ್ಕೂಲಿನ ಫುಟ್‌ಬಾಲ್ ತಂಡ ಸೇರಿದ. ಇಲ್ಲಿನ ಫುಟ್‌ಬಾಲ್ ಎಂದರೆ ಚೆಂಡನ್ನು ಎದೆಗವಚಿಕೊಂಡು ಓಡುವುದು, ಓಡುವವನನ್ನು ಕೆಡವುವುದು. ಎದುರಾಳಿಯನ್ನು ತಡೆಯುವಾಗ ಮುಂದಿನ ಸಾಲಿನ ದಢೂತಿಗಳು ಕುಸ್ತಿಗೆ ಬಿದ್ದಿರುತ್ತಾರೆ. ಅವರ ಬೆನ್ನ ಹಿಂದೆ ನಿಲ್ಲುವವರು ಲೈನ್‌ಬ್ಯಾಕರುಗಳು. ಸಂದಿಯಲ್ಲಿ ನುಗ್ಗಿ ಬಂದವನನ್ನು ಇವರು ಹೊಡೆದು ಉರುಳಿಸಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವನು ಅವರಲ್ಲಿ ನಡುವಿನವನು. ಅವನೇ ನನ್ನ ತಮ್ಮ.

ಕಬಡ್ಡಿಯಲ್ಲಿ ಎದುರಾಳಿಯ ತೊಡೆಗೆ ಬೀಳುವುದನ್ನು ಪಾರ್ಕಿಂಗ್ ಲಾಟಿನಲ್ಲಿ ಅವನಿಗೆ ನಾನೇ ಕಲಿಸಿದ್ದೆ. ಬಿದ್ದು ಮೊಣಕೈ ಸುಲಿದುಕೊಂಡರೂ ಮತ್ತೆ ಎಬ್ಬಿಸುತ್ತಿದ್ದೆ. ಅವನು ಹೊಡೆದಾಗ ಏಳುವ ಸದ್ದು, ಕಾರಿಗೆ ಕಾರು ಗುದ್ದಿದಂಥ ಸದ್ದು, ನನಗೆ ಬಹಳ ಇಷ್ಟವಾಗುತ್ತಿತ್ತು.

ಕೋವಿಡ್ ಮುಗಿದ ಮೇಲಿನ ಸೀಸನ್ ಅದು. ಶುಕ್ರವಾರ ಬೇಗ ಕೆಲಸ ಬಿಟ್ಟು, ಟ್ರಾಫಿಕ್ಕಿನಲ್ಲಿ ಬೈದುಕೊಳ್ಳುತ್ತ ಡ್ರೈವ್ ಮಾಡಿ ಹೋಗಿದ್ದೆ. ಎದುರು ತಂಡದ ಓಟಗಾರ ಗೂಳಿಯಂತಿದ್ದ. ತಮ್ಮ ಅವನನ್ನು ಮತ್ತೆ ಮತ್ತೆ ಕೆಡವಿದ. ಒಮ್ಮೆ ಆ ಓಟಗಾರನ ತುಟಿ ಸೀಳಿ ರಕ್ತ ಗಲ್ಲಕ್ಕಿಳಿಯಿತು. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಅಂಕಲ್ ಕುಣಿದರು: “ಏನಮ್ಮಾ, ನಿಮ್ಮಮ್ಮ ನಮಗೆ ಕೊಡೋ ರೊಟ್ಟೀನೇ ಇವನಿಗೂ ಕೊಡ್ತಾರಾ? ನಮ್ಮ ಮಗ ಅದನ್ನೇ ತಿಂದು ಸೋಫಾ ಬಿಟ್ಟು ಏಳಲ್ಲ!”

ಮುಂದಿನ ಡಿಕ್ಕಿಯಲ್ಲಿ ಇಬ್ಬರ ತಲೆಗೆ ತಲೆ ಬಡಿಯಿತು. ತಮ್ಮ ಭುಜ ಹಿಡಿದುಕೊಂಡು ಎದ್ದು ಬೆಂಚಿಗೆ ಬಂದ. ನಾನು ಮೈದಾನದ ಕಂಬಿಬೇಲಿಯ ಬಳಿಗೆ ಓಡಿದೆ. ಆಟಗಾರರ ಪೆಟ್ಟು ನೋಡುವ ಟ್ರೈನರ್ ಹೆಂಗಸು ಅವನ ಭುಜ ತಿರುಗಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಅತ್ತ ನಡುವೆ ಕೂಗಿ ಹೇಳುವವನಿಲ್ಲದೆ ನಮ್ಮ ಹುಡುಗರು ಒಬ್ಬರಿಗೊಬ್ಬರು ಅಡ್ಡ ಬಂದರು. ಆ ಗೂಳಿ ಅವರನ್ನು ತುಳಿದುಕೊಂಡೇ ಕೊನೆಯ ಗೆರೆ ದಾಟಿ ಅಂಕ ಗಳಿಸಿದ. ಜನ ತಮ್ಮನ ಅಂಗಿಯ ನಂಬರು ಹಿಡಿದು ಕಿರುಚತೊಡಗಿದರು.

ತಮ್ಮ ನನ್ನ ಕಡೆ ತಿರುಗಿದ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, ಅವತ್ತು ಅವ್ವನ ಮಾತಿನಲ್ಲೇ ಮೆಲ್ಲಗೆ ಹೇಳಿದ: “ಅಕ್ಕಾ, ಎಲ್ಲಾ ಎರಡೆರಡು ಕಾಣಾಕತ್ತೈತಿ. ಏನ ಮಾಡ್ಲಿ?”

ಟ್ರೈನರ್ ತಲೆಯೆತ್ತಿ, ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ನಾನೆಂದೆ: ಭುಜ ಸರಿಯಿದೆಯಂತೆ, ಆಡುತ್ತಾನಂತೆ.

ಆಮೇಲೆ ಅವನಿಗೆ ಹೇಳಿದೆ: “ಏನೂ ಆಗಂಗಿಲ್ಲ, ಹೋಗು. ಅಂವನ್ನ ಕೆಡವಿ ಬಾ.”

ಅವನು ನನ್ನ ಮುಖವನ್ನೊಮ್ಮೆ ನೋಡಿ ಹೋದ. ಗೂಳಿ ಮತ್ತೆ ಬಂದ. ತಮ್ಮ ತಲೆ ಬಗ್ಗಿಸಿ ನೇರವಾಗಿ ನುಗ್ಗಿದ. ಆ ಸದ್ದು ಕೇಳಿತು. ಓಟಗಾರ ಅಂಗಾತ ಬಿದ್ದ, ಚೆಂಡು ಉರುಳಿತು, ನಾನು ಎಲ್ಲರೊಂದಿಗೆ ಕೈ ಎತ್ತಿ ಕಿರುಚಿದೆ. ಕಿರುಚುತ್ತಿರುವಾಗಲೇ ಕಂಡಿದ್ದು: ತಮ್ಮನೂ ಬಿದ್ದಿದ್ದ. ಎರಡೂ ಕೈ ಸೆಟೆದು ಗಾಳಿಯಲ್ಲಿ ನಿಂತಿದ್ದವು. ಬಾಯಿಂದ ನೊರೆ ಮತ್ತು ರಕ್ತ ಬರುತ್ತಿತ್ತು.

ಬದುಕಿದ. ತಿಂಗಳುಗಟ್ಟಲೆ ಪರದೆ ಎಳೆದ ಕೋಣೆಯಲ್ಲಿ ಮಲಗಿದ. ಪುಸ್ತಕ ಹಿಡಿದರೆ ವಾಂತಿ. ಕಾಲೇಜಿಗೆ ಸೇರಲಾಗಲಿಲ್ಲ. ತಲೆ ತಿರುಗುತ್ತಿದ್ದದ್ದನ್ನು ಹುಡುಗ ಮುಚ್ಚಿಟ್ಟಿರಬೇಕು ಎಂದು ಡಾಕ್ಟರ್ ಹೇಳಿದ್ದನ್ನು ಅವ್ವ ನಂಬಿದಳು. ತಮ್ಮ ಇಲ್ಲವೆನ್ನಲಿಲ್ಲ. ನಾನೂ ಸುಮ್ಮನಿದ್ದೆ. ಫೋನಿನಲ್ಲಿ ಅವ್ವ ಅವನನ್ನು ಶಪಿಸುವಾಗ, ಹೋಗಲಿ ಬಿಡು ಎಂದು ಸಮಾಧಾನ ಮಾಡುವವಳೂ ನಾನೇ ಆಗಿದ್ದೆ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದಾಗ, ಹೊರಗಿನ ಬಿಸಿಲಿಗೆ ಕಣ್ಣಿಗೆ ಕತ್ತಲೆ ಕವಿದು ತಮ್ಮ ಬಾಗಿಲಲ್ಲೇ ಎಡವಿದ. ಯಾರದೋ ಮನೆಗೆ ಒಯ್ಯಬೇಕಿದ್ದ ಸಾರಿನ ಡಬ್ಬಿ ನೆಲಕ್ಕೆ ಬಿತ್ತು. ಅವ್ವ ಕೈಯಲ್ಲಿದ್ದ ಸೌಟಿನಿಂದ ಅವನ ಬೆನ್ನಿಗೆ ಬಾರಿಸಿದಳು. “ಅವತ್ತ ಬಾಯಿ ತಗದು ಒಂದ ಮಾತ ಹೇಳಿದ್ರ ಹಿಂಗ ಆಕ್ಕಿತ್ತೇನಲೇ? ಸುಳ್ಳಬುರಕಾ!”

ಅವನು ಅವ್ವನ ಮೇಲೆ ಕೈ ಎತ್ತಲಿಲ್ಲ. ಗೋಡೆಗೆ ಗುದ್ದಿದ. ಮತ್ತೆ ಗುದ್ದಿದ. ಇಲ್ಲಿನ ತೆಳು ಹಲಗೆಯ ಗೋಡೆ ತೂತಾಯಿತು, ಬೆರಳ ಗೆಣ್ಣು ಒಡೆದು ರಕ್ತ ಸಾರಿನೊಳಗೆ ತೊಟ್ಟಿಕ್ಕಿತು. ಅವ್ವ ಮತ್ತೆ ಸೌಟು ಎತ್ತಿದಳು. ನಾನು ಅವಳ ಕೈ ಹಿಡಿದುಕೊಂಡೆ.

“ಹೊಡೀಬ್ಯಾಡವ್ವಾ. ಅಂವ ಹೇಳಿದ್ದ. ನನಗ ಹೇಳಿದ್ದ. ಎರಡೆರಡು ಕಾಣಾಕತ್ತೈತಿ ಅಂದಿದ್ದ. ನಾನ ಸುಳ್ಳ ಹೇಳಿ ಒಳಗ ಕಳಿಸಿದೆ.”

ಅವ್ವನ ಕೈ ಸಡಿಲವಾಯಿತು. ತಮ್ಮ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ನಾನು ಅವನ ಬೆನ್ನಿಗೆ ಹೇಳಿದೆ:

“ತಮ್ಮಾ, ಅವತ್ತ ನನಗ ನಿನ್ನ ತಲಿಗಿಂತ ಆಟ ದೊಡ್ಡದಾಗಿತ್ತು. ಆಮ್ಯಾಲ ಅವ್ವ ನಿನ್ನ ಬೈಯೂದು ಕೇಳಿಕೋತ ಕುಂತೆ. ತಪ್ಪಾತಪಾ. ನನ್ನದ ತಪ್ಪ.”