ಜಗತ್ತಿನ ಕೋರ್ಟುಗಳನ್ನೆಲ್ಲ ಬಲ್ಲ ಸಿದ್ದಗಂಗಯ್ಯ

ಮಧುಗಿರಿ ಕೋರ್ಟಿನ ಎದುರು ಅರ್ಜಿ ಬರೆಯುವ ಸಿದ್ದಗಂಗಯ್ಯನಷ್ಟು ದೊಡ್ಡ ಬೊಗಳೆದಾಸನನ್ನು ನಾನು ಕಂಡಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ಹಾಗಾಗಿ ಹದಿನೆಂಟು ವರ್ಷದಿಂದ ಅವನ ಕೊರೆತ ನನ್ನ ಕಿವಿಗೆ ತಪ್ಪಿಲ್ಲ. ಕಾನೂನು ಓದಲು ತುಮಕೂರಿಗೆ ಹೋಗಿ ಮೊದಲ ವರ್ಷವೇ ಗಂಟುಮೂಟೆ ಕಟ್ಟಿಕೊಂಡು ಬಂದವನು. ಪಹಣಿ ತಿದ್ದುಪಡಿಗೆ ಅರ್ಜಿ ಬರೆಸಲು ಕೂತವರಿಗೂ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತೇ ಜನ ಜಡ್ಜುಗಳು, ಸಾಯುವವರೆಗೂ ಕುರ್ಚಿ ಬಿಡಬೇಕಿಲ್ಲ ಎನ್ನುತ್ತಾನೆ. ಜಪಾನಿನಲ್ಲಿ ಹದಿನೈದು. ಜರ್ಮನಿಯ ಸಂವಿಧಾನ ಕೋರ್ಟಿನವರದು ಕೆಂಪು ನಿಲುವಂಗಿ. ಎಲ್ಲ ಮೊಬೈಲಿನಲ್ಲಿ ಓದಿದ್ದು. ಎದುರಿನ ಕಟ್ಟಡದಲ್ಲಿ ಯಾವ ಅರ್ಜಿ ಯಾವ ಕೋಣೆಗೆ ಹೋಗಬೇಕು ಎಂದು ಕೇಳಿದರೆ ಮಾತ್ರ ಕೆಮ್ಮು ಬರುತ್ತದೆ.

ಪುರವರದ ಕರಿಬಸಮ್ಮ ಸಿಕ್ಕಿದ್ದು ಇಂಥವನ ಕೈಗೆ. ಆಕೆಯ ಗಂಡನನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ ಗದ್ದುಗೆ ಕಟ್ಟಿಸಿದ್ದರು. ಅಲ್ಲಿಗೆ ಇದ್ದದ್ದು ಒಂದೇ ದಾರಿ, ಅದೂ ಪಕ್ಕದ ತಿಪ್ಪೇಶನ ಜಮೀನಿನ ಅಂಚಿನಲ್ಲಿ. ಅವನು ತಂತಿಬೇಲಿ ಎಳೆದು ಗೇಟಿಗೆ ಬೀಗ ಹಾಕಿದ. ಆಕೆ ದಾವೆ ಹೂಡಿ ಸೋತಳು. ಮೂವತ್ತು ದಿನದೊಳಗೆ ಮೇಲಿನ ಕೋರ್ಟಿಗೆ ಅಪೀಲು ಹಾಕಬೇಕಿತ್ತು, ಅಷ್ಟೇ ಕೆಲಸ.

“ಜಿಲ್ಲಾ ಕೋರ್ಟು ಯಾಕಮ್ಮ? ನೇರ ಡೆಲ್ಲಿಗೇ ಬರ್ದ್ಬುಡನ. ಅಲ್ಲಿಂದ ಆರ್ಡರ್ ಬಂದ್ರೆ ಇವ್ರೆಲ್ಲ ಬಾಯ್ ಮುಚ್ಕಬೇಕು ಕಣಮ್ಮ,” ಎಂದ ಸಿದ್ದಗಂಗಯ್ಯ.

ಆರು ಪುಟ ಗೀಚಿದ. ಬ್ರಿಟನ್ನು, ಬ್ರೆಜಿಲ್ಲು, ದಕ್ಷಿಣ ಆಫ್ರಿಕಾ ಎಲ್ಲ ಬಂದವು. ಮುಚ್ಚಿದ ದಾರಿ ಎಷ್ಟು ಅಡಿ ಅಗಲ ಎಂಬುದು ಮಾತ್ರ ಬರಲಿಲ್ಲ. ಹನ್ನೆರಡನೇ ದಿನ ಡೆಲ್ಲಿಯ ಸೀಲು ಬಿದ್ದ ಅಂಚೆಯ ಸ್ವೀಕೃತಿ ಕಾರ್ಡು ಬಂತು. ಲಕೋಟೆ ತಲುಪಿದೆ ಎಂಬುದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. “ಕೇಸ್ ಎತ್ಕಂಡವ್ರೆ!” ಎಂದು ಆ ಮಹಾನುಭಾವ ಬೀದಿಗೆಲ್ಲ ಕೇಳುವಂತೆ ಕೂಗಿ, ಕಾರ್ಡನ್ನು ಲ್ಯಾಮಿನೇಟ್ ಮಾಡಿಸಲು ನನ್ನ ಬಳಿಯೇ ತಂದ. ನಾನು ಒಳಗೊಳಗೇ ನಕ್ಕು ಮಾಡಿಕೊಟ್ಟೆ. ಆಯಮ್ಮನಿಗೆ ಒಂದು ಮಾತು ಹೇಳಲಿಲ್ಲ. ಅದಕ್ಕಾಗಿ ನನ್ನ ಮೇಲೂ ನನಗೆ ಅಸಹ್ಯವಿದೆ.

ಐದು ತಿಂಗಳ ಮೇಲೆ ಕರಿಬಸಮ್ಮ ಹಿಡಿದು ಹೋದ ಆ ಕಾರ್ಡು ನೋಡಿ ವಕೀಲೆ ಲೋಹಿತಾ ಹಣೆ ಚಚ್ಚಿಕೊಂಡರು. ತಡವಾದದ್ದನ್ನು ಮನ್ನಿಸಿ ಎಂದು ಕೋರ್ಟನ್ನು ಇನ್ನೂ ಕೇಳಬಹುದಿತ್ತು. ಅದಕ್ಕೆ ಸಿದ್ದಗಂಗಯ್ಯನ ಪ್ರಮಾಣಪತ್ರ ಬೇಕಿತ್ತು. ಲೋಹಿತಾ ಎರಡೇ ಸಾಲು ಟೈಪು ಮಾಡಿಸಿ ತಂದರು: ನಾನು ವಕೀಲನಲ್ಲ, ನನಗೆ ಕಾನೂನು ತಿಳಿಯದು. ನನ್ನ ತಪ್ಪು ಸಲಹೆ ನಂಬಿ ಈಕೆ ಕಾದಳು.

“ನಂಗೆ ಕಾನೂನು ಗೊತ್ತಿಲ್ಲ ಅಂತ ನಾನೇ ಬರ್ಕೊಡ್ಲಾ? ನಾಳೆ ನನ್ ಟೇಬಲ್ ತಾವ ಯಾವನ್ ಬತ್ತಾನೆ?”

“ಕಾಲಿಗ್ ಬೀಳ್ತೀನಿ ಕಣಪ್ಪ, ಒಂದ್ ರುಜು ಹಾಕ್ಬುಡು,” ಎಂದಳು ಕರಿಬಸಮ್ಮ.

ಅವನು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡ. ಥೂ, ಅದೂ ಒಂದು ಜನ್ಮವೇ! ತಡಕ್ಕೆ ತಕ್ಕ ಕಾರಣವಿಲ್ಲವೆಂದು ಅಪೀಲು ಬಿದ್ದುಹೋಯಿತು.

ಕಳೆದ ಸೋಮವಾರ ಗಂಡನ ಗದ್ದುಗೆಗೆ ವರ್ಷವರ್ಷವೂ ಮಾಡುವ ಪೂಜೆ. ಕರಿಬಸಮ್ಮ ವಿಭೂತಿ, ಬಿಲ್ವಪತ್ರೆಯ ತಟ್ಟೆ ಹಿಡಿದು ತಿಪ್ಪೇಶನ ಮನೆ ಬಾಗಿಲಿಗೆ ಹೋದಳಂತೆ. “ಇವತ್ತೊಂದಿನ ಬುಡಪ್ಪ, ಹೋಗಿ ಬಂದ್ಬುಡ್ತೀನಿ,” ಎಂದಳಂತೆ. ಅವನು ತನ್ನ ಊಟ ಮುಗಿಯುವವರೆಗೂ ಆಕೆಯನ್ನು ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಬೀಗ ತೆಗೆದು, ಬೇಗ ಮುಗಿಸು ಅಂದನಂತೆ.